ನೆಲದ ಚಳಿ

ಸೆಪ್ಟೆಂಬರ್ 6, ಶನಿವಾರ

ಈ ವಯಸ್ಸಿನಲ್ಲಿ ಕ್ಲಾಸಿಗೆ ಸೇರಿದ್ದೇನೆ. ಗುಡ್ಡದ ಹುಚ್ಚು ಇವರಿಗೆ, ಮದ್ದು ಕುಡಿಯುವವಳು ನಾನು.

ಇವರು ಅರ್ಧ ಆಯುಸ್ಸು ಗುಡ್ಡದ ಮೇಲಿನ ಹವಾಮಾನ ಕೇಂದ್ರದಲ್ಲಿ ಮಳೆ ಅಳೆಯುತ್ತಾ, ಗಾಳಿ ಅಳೆಯುತ್ತಾ ಕಳೆದರು. ಹದಿನೈದು ದಿನ ಅಲ್ಲಿ, ಎರಡು ದಿನ ಇಲ್ಲಿ. ಮದುವೆಯಾದ ಹೊಸದರಲ್ಲೇ ನಾನು ಆ ಗುಡ್ಡಕ್ಕೆ ಸವತಿ ಅಂತ ಹೆಸರಿಟ್ಟಿದ್ದೆ. ಈಗ ಅಲ್ಲಿ ಮೆಷಿನ್ ಕೂತಿದೆ, ಮನುಷ್ಯರು ಬೇಡ. ಇವರ ಹೃದಯಕ್ಕೂ ರಕ್ತ ತಳ್ಳುವ ಶಕ್ತಿ ಮುಗಿಯುತ್ತಾ ಬಂದಿದೆ. ಈ ವರ್ಷ ದಾಟುವುದು ಕಷ್ಟ ಅಂತ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದರು. ಇವರು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರು. ಮನೆಗೆ ಬರುವ ದಾರಿಯಲ್ಲಿ ಆಡಿದ್ದು ಒಂದೇ ಮಾತು.

"ಒಂದು ತಿಂಗಳು ಮೇಲೆ ಇದ್ದು ಬರೋಣ ಕಣೇ. ನೀನೂ ಬಾ. ಜೀವ ಅಲ್ಲೇ ಹೋದ್ರೆ ಹೋಗ್ಲಿ."

ಕೇಂದ್ರದ ಕೋಣೆ ಖಾಲಿಯೇ ಬಿದ್ದಿದೆ. ಹಳೇ ನೌಕರ ಅಂತ ಆಫೀಸಿನವರು ಒಪ್ಪಿಕೊಂಡರು. ಆದರೆ ಅಲ್ಲಿಂದ ಆಸ್ಪತ್ರೆಗೆ ಇಳಿಯಲು ಒಂದು ಹಗಲೇ ಬೇಕು. ಅದಕ್ಕೆ ಜೊತೆಗಿರುವವರು ಕಾಡುಮೇಡಿನ ಪ್ರಥಮ ಚಿಕಿತ್ಸೆ ಕಲಿತ ಸರ್ಟಿಫಿಕೇಟು ತೋರಿಸಬೇಕಂತೆ. ಹಾಗಾಗಿ ಪ್ಯಾಂಟಿಗೆ ಜಿಪ್ಪು ಹಾಕುವವಳು, ತೋಳು ಗಿಡ್ಡ ಮಾಡಿಕೊಡುವವಳು ನಾನು ಶನಿವಾರ ಭಾನುವಾರ ಅಂಗಡಿ ಮುಚ್ಚಿ ಕಲಿಯಲು ಹೊರಟಿದ್ದೇನೆ.

ಇಲ್ಲಿ ಬರೆದಿಡುತ್ತೇನೆ, ಇವರಿಗೆ ಹೇಳಿಲ್ಲ. ಇವರು ಹೋಗುತ್ತಿರುವುದು ಸಾಯುವುದಕ್ಕೆ. ನಾನು ಹೋಗುತ್ತಿರುವುದು ಬದುಕಿಸಿ ವಾಪಸ್ ಕರೆದುಕೊಂಡು ಬರುವುದಕ್ಕೆ. ಇಬ್ಬರೂ ಒಂದೇ ಜೀಪಿನಲ್ಲಿ ಹೋಗಬೇಕು.

ಸೆಪ್ಟೆಂಬರ್ 7, ಭಾನುವಾರ

ಕಲಿಸುವವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಮೊದಲು ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಇಳಿಸುವ ತಂಡದಲ್ಲಿದ್ದರಂತೆ. ಒಂದು ಮಂಡಿ ಮಡಚುವುದಿಲ್ಲ, ಕಾಲು ಚಾಚಿಕೊಂಡೇ ನೆಲದ ಮೇಲೆ ಕೂರುತ್ತಾರೆ. ಪಾಠ ಹಳೇ ಕಲ್ಲು ಕ್ವಾರಿಯಲ್ಲಿ. ಒಬ್ಬರು ಪೆಟ್ಟು ತಿಂದವರಂತೆ ಬಿದ್ದಿರಬೇಕು, ಇನ್ನೊಬ್ಬರು ಹೋಗಿ ನೋಡಬೇಕು. ಕೆಂಪು ಬಣ್ಣ, ಕಿರುಚಾಟ, ಎಲ್ಲಾ ಇದೆ. ನಾಟಕದ ಕಂಪನಿಗೆ ಸೇರಿದ ಹಾಗಾಯಿತು.

ಒಂದು ಕಟ್ಟುನಿಟ್ಟಿನ ನಿಯಮ ಇದೆ. ನಟಿಸುವವರಿಗೆ ನಿಜಕ್ಕೂ ಏನಾದರೂ ಆದರೆ "ನಿಜವಾಗ್ಲೂ" ಅಂತ ಮೂರು ಸಲ ಗಟ್ಟಿಯಾಗಿ ಹೇಳಬೇಕು. ಹೇಳಿದ ತಕ್ಷಣ ಎಲ್ಲರೂ ಆಟ ನಿಲ್ಲಿಸಿ ಓಡಿ ಬರಬೇಕು.

ನನಗೆ ಸಿಕ್ಕ ಜೋಡಿ ಜೀಪು ಓಡಿಸುವ ಹುಡುಗಿ. ಪ್ರವಾಸಿಗರನ್ನು ಗುಡ್ಡಗಳಿಗೆ ಕರೆದೊಯ್ಯುತ್ತಾಳೆ, ಬಾಯಿ ಮುಚ್ಚುವುದೇ ಇಲ್ಲ. ಇವತ್ತು ಅವಳು ಕಾಲು ಮುರಿದವಳು. ನಾನು ಕಂಬಳಿ ಹೊದಿಸಿ, ತಲೆ ನೇವರಿಸಿ, ಬಲು ಚೆನ್ನಾಗಿ ಮಾಡಿದೆ ಅಂದುಕೊಂಡೆ.

"ಈಕೆ ಸಂಜೆಯೊಳಗೆ ಸಾಯ್ತಾಳೆ," ಅಂದರು ಮೇಷ್ಟ್ರು. "ಮೇಲೆ ಹೊದಿಸಿದ್ರಿ. ಕೆಳಗೆ? ಗಾಳಿಗಿಂತ ನೆಲ ಜಾಸ್ತಿ ಚಳಿ ಹಿಡಿಸತ್ತೆ. ಮೊದಲು ಕೆಳಗೆ ಹಾಸಬೇಕು, ಆಮೇಲೆ ಹೊದಿಸಬೇಕು."

"ನಾನು ಸತ್ತೆ ಆಂಟೀ," ಅಂದಳು ಜೀಪಿನ ಹುಡುಗಿ, ಕಣ್ಣು ಮುಚ್ಚಿಕೊಂಡೇ.

ಸೆಪ್ಟೆಂಬರ್ 14, ಭಾನುವಾರ

ಬ್ಯಾಂಡೇಜು ಕಟ್ಟುವ ಪಾಠ. ಬಟ್ಟೆ ಕೈಗೆ ಬಂದರೆ ನನಗೆ ಭಯವಿಲ್ಲ. ಸುಕ್ಕಿಲ್ಲದ ಹಾಗೆ, ಪದರ ಪದರ ಕೂರಿಸಿ, ತುದಿ ಒಳಗೆ ಮಡಚಿ ಕಟ್ಟಿದೆ. ಮೇಷ್ಟ್ರು ಬಗ್ಗಿ ನೋಡಿ, "ಅಂಗಿ ಹೊಲಿದ ಹಾಗಿದೆ ಅಮ್ಮಾ. ಅಷ್ಟರಲ್ಲಿ ರಕ್ತ ಎಲ್ಲಾ ಹೋಯ್ತು," ಅಂದರು. ಎಲ್ಲರೂ ನಕ್ಕರು. ನಗಲಿ. ನನ್ನ ಗಂಟು ಮಾತ್ರ ಬಿಚ್ಚಿಲ್ಲ.

ಮನೆಗೆ ಬಂದಾಗ ಅತ್ತಿಗೆ ಬಂದು ಕೂತಿದ್ದರು. ಇವರ ಅಕ್ಕ, ಕೆಳಗಿನ ಮನೆಯಲ್ಲೇ ಇರುವುದು. "ಬುದ್ಧಿ ಇದೆಯಾ ನಿಂಗೆ? ಮೆಟ್ಟಿಲು ಹತ್ತೋಕಾಗಲ್ಲ ಅವನಿಗೆ, ಗುಡ್ಡ ಹತ್ತಿಸ್ತಾಳಂತೆ," ಅಂದರು. ಜೀಪು ಬಾಗಿಲವರೆಗೂ ಹೋಗುತ್ತದೆ ಅಂದೆ. ಅವರಿಗೆ ಬೇಕಾಗಿದ್ದು ಜಗಳ, ದಾರಿಯ ವಿವರವಲ್ಲ. ಒಳಗಿಂದ ಇವರು, "ಲೇ, ಹೊರಗೆ ಹಗ್ಗದ ಮೇಲಿನ ಬಟ್ಟೆ ಯಾವ ಕಡೆ ಹಾರ್ತಿದೆ ನೋಡು," ಅಂತ ಕೂಗಿದರು. ದಿನಾ ಇದೇ ರಾಮಾಯಣ. ಗಾಳಿ ಯಾವ ಕಡೆಯಿಂದ ಬಂದರೆ ನನಗೇನು? ಬಟ್ಟೆ ಒಣಗಿದರೆ ಸಾಕು.

ಸೆಪ್ಟೆಂಬರ್ 17, ಬುಧವಾರ

ಸಂಜೆ ಇವರ ಮೇಲೆ ಅಭ್ಯಾಸ. ಮಹಾನುಭಾವರು ಖುಷಿಯಿಂದ ಒಪ್ಪಿಕೊಂಡಿದ್ದಾರೆ. ಇವತ್ತು ಹಾವು ಕಚ್ಚಿತ್ತು. ಮಂಚದ ಮೇಲೆ ಹೊರಳಾಡಿ, ಹೆಡೆ ಎಷ್ಟು ಅಗಲ ಇತ್ತು ಅಂತ ಕೈಯಲ್ಲಿ ತೋರಿಸಿ, ಕೊನೆಗೆ ನನ್ನ ಕೈ ಹಿಡಿದು, "ನನ್ನ ರೇಡಿಯೋ ಅಕ್ಕನಿಗೆ ಕೊಡಬೇಡ," ಅಂತ ಹೇಳಿ ಪ್ರಾಣ ಬಿಟ್ಟರು. ನಾನು ನಕ್ಕು ನಕ್ಕು, ಕಾಲು ಅಲುಗದಂತೆ ಕಟ್ಟಲು ಹಿಡಿದಿದ್ದ ದಬ್ಬೆ ಕೆಳಗೆ ಬೀಳಿಸಿದೆ. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ.

ಸೆಪ್ಟೆಂಬರ್ 21, ಭಾನುವಾರ

ಯಾವ ಪಾಠ ತೆಗೆದರೂ ಕೊನೆಗೆ ಅದೇ: "ಆದಷ್ಟು ಬೇಗ ಆಸ್ಪತ್ರೆಗೆ ಸಾಗಿಸಿ." ಇವತ್ತು ಕೈ ಎತ್ತಿ ಕೇಳಿದೆ.

"ಸಾಗಿಸೋಕೆ ಆಗದೇ ಇದ್ರೆ?"

"ಅದು ಕೊನೆಯ ಪಾಠ ಅಮ್ಮಾ."

"ಈಗ್ಲೇ ಹೇಳಿ. ನಂಗೆ ಬೇಕಾಗಿರೋದು ಅದೊಂದೇ."

ಮೇಷ್ಟ್ರು ಯಾರಿಗೆ ಅಂತ ಕೇಳಲಿಲ್ಲ. ಮುಂದಿನ ವಾರ ಅಂದರು. ನನಗೆ ನಂಬಿಕೆ ಇದೆ, ಇಷ್ಟು ವರ್ಷ ಬೆಟ್ಟದಲ್ಲಿ ಇದ್ದವರಿಗೆ ಡಾಕ್ಟರಿಗೆ ಗೊತ್ತಿಲ್ಲದ್ದು ಏನೋ ಗೊತ್ತಿರಬೇಕು.

ಸೆಪ್ಟೆಂಬರ್ 24, ಬುಧವಾರ



ಇವತ್ತು ಪ್ರಜ್ಞೆ ಇಲ್ಲದವರನ್ನು ಪಕ್ಕಕ್ಕೆ ಹೊರಳಿಸುವ ಅಭ್ಯಾಸ. ದಿಂಬು ತೆಗೆದು ನೆಲದ ಮೇಲೆ ಅಂಗಾತ ಮಲಗಿಸಿದೆ. ನಾನು ತಲೆ ಹಿಡಿದೆ, ಬಾಯೊಳಗೆ ನೋಡಿದೆ, ಎಣಿಸಿದೆ, ಕೈ ಎಲ್ಲಿಡಬೇಕು ಅಂತ ಮರೆತೆ, ಮತ್ತೆ ಮೊದಲಿನಿಂದ ಶುರು ಮಾಡಿದೆ. ಇವರು ಏದುಸಿರು ಬಿಡತೊಡಗಿದರು. ಕಾಲು ನೆಲಕ್ಕೆ ಉಜ್ಜಿದರು, ಕಣ್ಣು ದೊಡ್ಡದು ಮಾಡಿದರು. "ಪ್ರಜ್ಞೆ ಇಲ್ಲದವರು ಇಷ್ಟೆಲ್ಲಾ ಮಾಡಲ್ಲ ರೀ, ನಾಟಕ ಕಮ್ಮಿ ಮಾಡಿ," ಅಂತ ಗದರಿದೆ. ಸುಮ್ಮನಾದರು. ಸುಮ್ಮನಾದ ಮೇಲೆ ತುಟಿ ನೋಡಿದೆ. ನೀಲಿಯಾಗಿತ್ತು.

ಎತ್ತಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟು ಕಿಟಕಿ ತೆರೆದೆ. ಮಾತು ಬರಲು ಬಹಳ ಹೊತ್ತು ಹಿಡಿಯಿತು. ಅಂಗಾತ ಮಲಗಿದರೆ ಇವರಿಗೆ ಉಸಿರು ಕಟ್ಟುತ್ತದೆ. ದಿನಾ ದಿಂಬಿನ ಮೇಲೆ ದಿಂಬು ಜೋಡಿಸುವವಳು ನಾನೇ. ಪಾಠದ ಗುಂಗಿನಲ್ಲಿ ಅದನ್ನೇ ಮರೆತಿದ್ದೆ.

"ನಿಜವಾಗ್ಲೂ ಅನ್ನೋಕೆ ಏನಾಗಿತ್ತು ನಿಮ್ಗೆ? ಹೇಳಿಕೊಟ್ಟಿರ್ಲಿಲ್ವಾ?"

"ಎರಡನೇ ಸಲಕ್ಕೆ ನಿನ್ನ ಕೈ ಸರಿಯಾಗಿ ಬರ್ತಿತ್ತು. ಮಧ್ಯದಲ್ಲಿ ಯಾಕೆ ಕೆಡಿಸ್ಲಿ ಅಂತ."

ಇಂಥವರನ್ನು ಏನು ಮಾಡಬೇಕು? ಬೈದೆ. ಇನ್ನು ಮುಂದೆ ಹೇಳೇ ಹೇಳುತ್ತೇನೆ ಅಂತ ಆಣೆ ಹಾಕಿಸಿಕೊಂಡೆ. ಅದಕ್ಕೂ ಮುಂಚೆ ಅಭ್ಯಾಸಕ್ಕೆ ಅಂತ ಕಾಲಿಗೆ ಕಟ್ಟಿದ್ದ ಬ್ಯಾಂಡೇಜು ಪಟ್ಟಿ ಬಿಚ್ಚಿದರೆ ಅದರ ಗುರುತು ಚರ್ಮದಲ್ಲಿ ಆಳವಾಗಿ ಕೂತಿತ್ತು. ಹೆಬ್ಬೆರಳಿನಲ್ಲಿ ಒತ್ತಿದೆ, ಗುಳಿ ಬಿತ್ತು, ಮೇಲೇಳಲಿಲ್ಲ. ಕಾಲಿಗೆ ನೀರು ಇಳಿದಿದೆ.

ಸೆಪ್ಟೆಂಬರ್ 28, ಭಾನುವಾರ

ಕೊನೆಯ ಪಾಠ ಆಯಿತು. ಸಾಗಿಸಲು ಆಗದಿದ್ದರೆ ಏನು ಮಾಡಬೇಕು ಅಂತ ಮೇಷ್ಟ್ರು ಹೇಳಿದ್ದು ಇಷ್ಟು: ಬೆಚ್ಚಗಿಡಿ. ಒಬ್ಬರನ್ನೇ ಬಿಡಬೇಡಿ. ಏನು ಮಾಡುತ್ತಿದ್ದೀರಿ ಅಂತ ಹೇಳುತ್ತಾ ಮಾಡಿ. ಸುಳ್ಳು ಹೇಳಬೇಡಿ.

"ಇಷ್ಟೇನಾ?" ಅಂದೆ.

"ಇಷ್ಟೇ."

"ಇದಕ್ಕೆ ಕ್ಲಾಸ್ ಬೇಕಾ? ಇದನ್ನ ಯಾರು ಬೇಕಾದ್ರೂ ಮಾಡ್ತಾರೆ."

"ಮಾಡಲ್ಲ ಅಮ್ಮಾ. ಓಡಾಡ್ತಾರೆ, ಫೋನ್ ಮಾಡ್ತಾರೆ, ಕಿರುಚ್ತಾರೆ. ಪಕ್ಕದಲ್ಲಿ ಕೂರೋರು ಕಮ್ಮಿ."

ಮೋಸ ಹೋದ ಹಾಗಾಯಿತು. ಆಮೇಲೆ ಹೃದಯ ನಿಂತವರಿಗೆ ಮಾಡುವ ಹಾಗೆ ಗೊಂಬೆಯ ಎದೆ ಒತ್ತುವುದನ್ನು ಕಲಿಸಿದರು. ಅದರಲ್ಲಿ ಮಾತ್ರ ನನ್ನನ್ನು ಮೀರಿಸಿದವರಿಲ್ಲ. ಕೈ ಸೋಲುವುದಿಲ್ಲ ನನಗೆ, ಇಷ್ಟು ವರ್ಷ ಕತ್ತರಿ ಹಿಡಿದ ಕೈ. ಜೀಪಿನ ಹುಡುಗಿ ಬೆವರಿ ಪಕ್ಕಕ್ಕೆ ಬಿದ್ದಳು. ನಾನು ಒತ್ತುತ್ತಲೇ ಇದ್ದೆ. ಇದು ನನ್ನ ಆಯುಧ. ಇದನ್ನು ತೆಗೆದುಕೊಂಡು ಗುಡ್ಡಕ್ಕೆ ಹೋಗುತ್ತೇನೆ.

ಅಕ್ಟೋಬರ್ 1, ಬುಧವಾರ

ಗಾಳಿ ಪೂರ್ವದಿಂದ. ಕೇಳುವ ಮುಂಚೆಯೇ ಹೇಳಿಬಿಟ್ಟೆ, ಇವರಿಗೆ ಆಶ್ಚರ್ಯ.

ಗೊಂಬೆಯ ಸುದ್ದಿ ಹೇಳಿದಾಗ ಮಾತ್ರ ಮುಖ ಸಪ್ಪಗೆ ಮಾಡಿದರು. "ನನ್ನ ಮೇಲೆ ಆ ಕೆಲಸ ಮಾಡ್ಬೇಡ ಕಣೇ. ಡಾಕ್ಟರೂ ಹೇಳಿದಾರೆ, ಈ ಹೃದಯ ಎಬ್ಬಿಸಿದ್ರೂ ಏಳಲ್ಲ ಅಂತ. ನನ್ನ ಪಕ್ಕೆಲುಬು ಮುರಿದು ನೀನೇನು ಗಳಿಸ್ತೀಯಾ?"

"ನಿಮ್ಮನ್ನ ಗಳಿಸ್ತೀನಿ," ಅಂದೆ. ಸಿಟ್ಟಿನಲ್ಲಿ ಬಂದ ಮಾತು.

ಅಕ್ಟೋಬರ್ 4, ಶನಿವಾರ

ಫೇಲು.

ಪರೀಕ್ಷೆಗೆ ಬೇರೆ ಊರಿಂದ ಒಬ್ಬ ಮೇಡಂ ಬಂದಿದ್ದರು. ದಬ್ಬೆ, ಪಟ್ಟಿ, ಹೊರಳಿಸುವುದು, ಎಲ್ಲಾ ಸಲೀಸು. ಕೆಳಗೆ ಮೊದಲು ಹಾಸಿದೆ. ಕೊನೆಗೆ ಗೊಂಬೆ. "ಗುಡ್ಡದ ಮೇಲೆ ನೀವೊಬ್ಬರೇ. ಸಹಾಯ ಬರೋದು ನಾಳೆ. ಉಸಿರಿಲ್ಲ, ನಾಡಿ ಇಲ್ಲ," ಅಂದರು. ಒತ್ತಿದೆ. ಒಂದಷ್ಟು ಹೊತ್ತಾದ ಮೇಲೆ, "ಅರ್ಧ ಗಂಟೆ ಆಯ್ತು ಅಂದ್ಕೊಳ್ಳಿ. ಏನೂ ಬದಲಾವಣೆ ಇಲ್ಲ," ಅಂದರು.

ಅಲ್ಲಿ "ನಿಲ್ಲಿಸ್ತೀನಿ" ಅಂತ ಬಾಯಿಬಿಟ್ಟು ಹೇಳಿ ಕೈ ತೆಗೆಯಬೇಕು. ಅದೇ ನಿಯಮ. ಅಷ್ಟು ಹೊತ್ತು ಏಳದ ಜೀವ ಅಲ್ಲಿ ಮತ್ತೆ ಏಳುವುದಿಲ್ಲ, ಒತ್ತುವವರೂ ಸೋತು ಬಿದ್ದರೆ ಗುಡ್ಡದ ಮೇಲೆ ಎರಡು ಹೆಣ. ನನಗೆ ಗೊತ್ತಿತ್ತು, ಬಾಯಿಪಾಠ ಮಾಡಿದ್ದೆ. "ಇನ್ನೊಂದು ಸ್ವಲ್ಪ," ಅಂದೆ. ಮೇಡಂ ಮತ್ತೆ ಹೇಳಿದರು. ನಾನು ಒತ್ತುತ್ತಿದ್ದೆ. ಕೊನೆಗೆ ಮೇಷ್ಟ್ರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಮುಂದಿನ ಪರೀಕ್ಷೆ ನವೆಂಬರ್ ಒಂದಕ್ಕೆ.

ಅಕ್ಟೋಬರ್ 5, ಭಾನುವಾರ

ಇವರು ಕಟ್ಟಿಟ್ಟಿದ್ದ ಬೆನ್ನುಚೀಲದಿಂದ ರೇಡಿಯೋ ತೆಗೆದು ಮೇಜಿನ ಮೇಲಿಟ್ಟರು.

ಅಕ್ಟೋಬರ್ 13, ಸೋಮವಾರ

ಗಾಳಿ ಉತ್ತರದಿಂದ, ಬಿಟ್ಟು ಬಿಟ್ಟು. ಸ್ನಾನ ಮಾಡಿಸುವಾಗ ಇವರು ಎರಡು ಸಲ ಕೂತರು. ಮೊದಲೆಲ್ಲಾ ನಾನು ಬೆನ್ನುಜ್ಜುವಾಗ ಅವಸರ ಮಾಡುತ್ತಿದ್ದೆ, ಅಂಗಡಿ ತೆಗೆಯಬೇಕು ಅಂತ. ಗಿರಾಕಿಗಳು ಕಾಯಲಿ. ಯಾರ ಪ್ಯಾಂಟೂ ಓಡಿ ಹೋಗುವುದಿಲ್ಲ.

ಈಗ ಅಭ್ಯಾಸ ಇಲ್ಲ. ಆದರೆ ನಾಡಿ ಹಿಡಿಯುವುದು ರೂಢಿಯಾಗಿದೆ. ಎಣಿಸಲು ಅಂತ ಹಿಡಿಯುತ್ತೇನೆ, ಎಣಿಕೆ ತಪ್ಪುತ್ತದೆ, ಆದರೂ ಬಿಡುವುದಿಲ್ಲ.

ಅಕ್ಟೋಬರ್ 22, ಬುಧವಾರ

ಮಧ್ಯಾಹ್ನ ಇವರು ಗುಡ್ಡದ ಬಗ್ಗೆ ಹೇಳಿದರು. ಇಷ್ಟು ವರ್ಷದಲ್ಲಿ ನಾನು ಕೇಳಿದ್ದೇ ಇಲ್ಲ, ಸವತಿಯ ವರ್ಣನೆ ಯಾರಿಗೆ ಬೇಕು ಅಂತ. ಥರ್ಮಾಮೀಟರು ಇಡುವ ಬಿಳಿ ಪೆಟ್ಟಿಗೆಯ ಬಾಗಿಲು ತೆರೆಯುವಾಗ ಉಸಿರು ಬಿಗಿ ಹಿಡಿಯಬೇಕಂತೆ. ಉಸಿರಿನ ಬಿಸಿಗೆ ಲೆಕ್ಕ ತಪ್ಪುತ್ತದಂತೆ. ಚಳಿಗೆ ಕೈ ಮರಗಟ್ಟಿದಾಗ ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿಕೊಂಡು ಬರೆಯುತ್ತಿದ್ದರಂತೆ.

"ಬೇಜಾರಾಗ್ತಿರ್ಲಿಲ್ವಾ ಒಬ್ರಿಗೇ?"

"ಆಗ್ತಿತ್ತು. ಅದಕ್ಕೇ ನಿನ್ನನ್ನ ಕರ್ಕೊಂಡು ಹೋಗ್ಬೇಕು ಅಂತಿದ್ದೆ. ನೀನು ಬರ್ತೀಯಾ ಅಂತ ಕೇಳೋಕೆ ಧೈರ್ಯ ಇರ್ಲಿಲ್ಲ."

ನಾನು ಕಾದಿದ್ದೆ, ಇವರು ಕೇಳಲಿ ಅಂತ. ಇಬ್ಬರೂ ಮೂರ್ಖರು.

ನವೆಂಬರ್ 1, ಶನಿವಾರ

ಪಾಸು. ಮೇಡಂ ಅರ್ಧ ಗಂಟೆ ಆಯಿತು ಅಂದರು. ಗೊಂಬೆಯ ಕುತ್ತಿಗೆಗೆ ಬೆರಳಿಟ್ಟು ನೋಡಿದೆ. "ನಿಲ್ಲಿಸ್ತೀನಿ," ಅಂದೆ. ಕೈ ತೆಗೆದೆ. ಸ್ವರ ಗಟ್ಟಿಯಾಗಿಯೇ ಇತ್ತು. ಮೇಷ್ಟ್ರು ಬೇರೆ ಕಡೆ ನೋಡುತ್ತಿದ್ದರು.

ನವೆಂಬರ್ 3, ಸೋಮವಾರ

ಜೀಪಿನ ಹುಡುಗಿ ಬೆಳಗ್ಗೆಯೇ ಜೀಪು ತಂದು ನಿಲ್ಲಿಸಿದಳು. ಹಿಂದಿನ ಸೀಟು ತೆಗೆದು ಹಾಸಿಗೆ ಹಾಕಿದ್ದಳು, ಅದರ ಕೆಳಗೆ ಎರಡು ಫೋಮ್ ಚಾಪೆ. ಅತ್ತಿಗೆ ಕೂಡ ಬೈಯಲಿಲ್ಲ. ಫ್ಲಾಸ್ಕು ತುಂಬಿಸಿ ತಂದು ಕೊಟ್ಟರು.

ಇವರು ಮೆಟ್ಟಿಲಿನ ಅರ್ಧಕ್ಕೆ ಬಂದು ಕೂತುಬಿಟ್ಟರು. ಎತ್ತಿಕೊಂಡು ಹೋಗೋಣ ಅಂದಳು ಹುಡುಗಿ. ನಾನು ಎದೆಗೆ ಕಿವಿ ಕೊಟ್ಟೆ. ಒಳಗೆ ನೀರಿನ ಸದ್ದು, ಪಾಠದಲ್ಲಿ ಹೇಳಿದ್ದಂಥದ್ದೇ. ನಾಡಿ ಓಡುತ್ತಿತ್ತು, ಮಧ್ಯೆ ಮಧ್ಯೆ ಎಡವುತ್ತಿತ್ತು. ಜೀಪಿನಲ್ಲಿ ಮೊದಲ ತಿರುವಿಗೇ ಹೋಗಿಬಿಡುತ್ತಾರೆ ಅಂತ ನನಗೆ ಗೊತ್ತಾಯಿತು. ಇದನ್ನು ತಿಳಿಯುವುದಕ್ಕೇ ಕಲಿತ ಹಾಗಾಯಿತು.

"ಆಗಲ್ಲ ರೀ," ಅಂದೆ.

"ಸರಿ," ಅಂದರು. ಆಮೇಲೆ ಹುಡುಗಿಯನ್ನು ಕೇಳಿದರು, "ಗುಡ್ಡದ ಮೇಲೆ ಮೋಡ ಹೇಗಿದೆಯಮ್ಮಾ?"

ಅವಳು ಕೆಳಗೆ ಓಡಿ ಹೋಗಿ ರಸ್ತೆಯಲ್ಲಿ ನಿಂತು ನೋಡಿ ಬಂದು, "ತಲೆ ಕಾಣ್ತಿಲ್ಲ ಅಂಕಲ್, ಪೂರ್ತಿ ಮುಚ್ಚಿದೆ," ಅಂದಳು. ಇವರು ತಲೆಯಾಡಿಸಿದರು.

ಅಕ್ಟೋಬರ್ ನಾಲ್ಕಕ್ಕೆ ನಾನು ಕೈ ತೆಗೆದಿದ್ದರೆ ಮರುದಿನವೇ ಹೊರಡುತ್ತಿದ್ದೆವು. ಆಗ ಇವರಿಗೆ ಮೆಟ್ಟಿಲು ಇಳಿಯಲು ಆಗುತ್ತಿತ್ತು. ಒಂದು ಗೊಂಬೆಯನ್ನು ಬಿಡಲಾರದೆ ಇವರ ಗುಡ್ಡ ತಪ್ಪಿಸಿದೆ. ಇದನ್ನು ಯಾರೂ ನನಗೆ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ.

ನವೆಂಬರ್ 9, ಭಾನುವಾರ

ಗಾಳಿ ಪಶ್ಚಿಮದಿಂದ, ನಿಧಾನ. ಮೋಡ ಕೆಳಗಿದೆ. ಎರಡು ಚಮಚ ಗಂಜಿ ಇಳಿಯಿತು.

ನವೆಂಬರ್ 12, ಬುಧವಾರ

ಹೋದರು. ಮಧ್ಯಾಹ್ನ.

ನವೆಂಬರ್ 16, ಭಾನುವಾರ

ಬರೆದಿಡದಿದ್ದರೆ ಮರೆತುಹೋಗುತ್ತದೆ ಅಂತ ಭಯ.

ಬುಧವಾರ ಬೆಳಗ್ಗೆಯಿಂದ ಕೈ ಕಾಲು ತಣ್ಣಗಿತ್ತು. ಅತ್ತಿಗೆ ಆಂಬುಲೆನ್ಸಿಗೆ ಫೋನ್ ಮಾಡುತ್ತೇನೆ ಅಂತ ಎದ್ದರು. ಇವರು ಬೇಡ ಅಂತ ಕಣ್ಣಲ್ಲೇ ಹೇಳಿದರು. ಅತ್ತಿಗೆ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ನಾನು ಮಂಚದ ಮೇಲೆ ಕೂತು ಇವರನ್ನು ಎದೆಗೆ ಒರಗಿಸಿಕೊಂಡೆ. "ಈಗ ದಿಂಬು ಸರಿ ಮಾಡ್ತೀನಿ. ಈಗ ಕಾಲಿನ ಕೆಳಗೆ ಕಂಬಳಿ ಹಾಕ್ತೀನಿ. ಈಗ ತುಟಿ ಒದ್ದೆ ಮಾಡ್ತೀನಿ, ತಣ್ಣಗಿದೆ ನೀರು," ಅನ್ನುತ್ತಿದ್ದೆ. ಅಷ್ಟು ಬಿಟ್ಟರೆ ಮಾಡಲು ಏನೂ ಇರಲಿಲ್ಲ.

"ಹುಷಾರಾಗ್ತೀನಾ?" ಅಂತ ಒಂದು ಸಲ ಕೇಳಿದರು. ಮಗು ಕೇಳಿದ ಹಾಗೆ ಕೇಳಿದರು.

"ಇಲ್ಲ ರೀ. ನಾನು ಇಲ್ಲೇ ಇದೀನಿ."

ನೋವು ಇದೆಯಾ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದರು. ಆಣೆ ಹಾಕಿದ್ದರೂ "ನಿಜವಾಗ್ಲೂ" ಅನ್ನಲಿಲ್ಲ. ಹೊರಗೆ ಹಗ್ಗದ ಮೇಲೆ ಇವರ ಬಿಳಿ ಅಂಗಿ ಇತ್ತು. ಗಾಳಿ ಗುಡ್ಡದ ಕಡೆಯಿಂದ ಬರ್ತಿದೆ ಅಂದೆ. ಅದು ಸುಳ್ಳಲ್ಲ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕುತ್ತಿಗೆಗೆ ಬೆರಳಿಟ್ಟೆ. ಎದೆ ಒತ್ತಲಿಲ್ಲ.

ಸ್ಮಶಾನಕ್ಕೆ ಸಾಗಿಸುವ ಗಾಡಿಯವರು ತಗಡಿನ ಸ್ಟ್ರೆಚರ್ ತಂದರು. ಮುಟ್ಟಿ ನೋಡಿದೆ, ಮಂಜುಗಡ್ಡೆ. "ಕೆಳಗೆ ಹಾಸದೆ ಮಲಗಿಸಬೇಡಿ," ಅಂದೆ. ಗಾಡಿಯವರು ಅತ್ತಿಗೆಯ ಮುಖ ನೋಡಿದರು. "ಇನ್ನು ಅದೆಲ್ಲಾ ಯಾಕೆ ಕಣೇ," ಅಂದರು ಅತ್ತಿಗೆ. ನಾನು ಸ್ಟ್ರೆಚರಿಗೆ ಅಡ್ಡ ನಿಂತೆ. ಕೊನೆಗೆ ಅತ್ತಿಗೆಯೇ ಒಳಗೆ ಹೋಗಿ ಹತ್ತಿಯ ದಪ್ಪ ಹಾಸಿಗೆ ತಂದು ಹಾಸಿದರು, ಮೂಲೆಗಳನ್ನೂ ಎಳೆದು ಸರಿ ಮಾಡಿದರು.

ನವೆಂಬರ್ 25, ಮಂಗಳವಾರ

ಅಂಗಡಿ ತೆಗೆದೆ. ಮೂರು ಜಿಪ್ಪು, ಒಂದು ತೋಳು. ಗಾಳಿ ಉತ್ತರದಿಂದ.

ಡಿಸೆಂಬರ್ 6, ಶನಿವಾರ

ಗಾಳಿ ಇಲ್ಲ. ಮೋಡ ಎತ್ತರದಲ್ಲಿ, ತೆಳ್ಳಗೆ.

ಮೇಷ್ಟ್ರು ಫೋನ್ ಮಾಡಿದ್ದರು. ಹೊಸ ಕ್ಲಾಸು ಶುರುವಾಗಿದೆ, ಗಾಯಾಳು ಆಗಲು ಒಬ್ಬರು ಬೇಕು ಅಂದರು. ಒಲ್ಲೆ ಅನ್ನಲೂ ಬೇಜಾರಾಗಿ ಹೋದೆ. ಕ್ವಾರಿಯಲ್ಲಿ ಒಂದು ಬಂಡೆಯ ಮಗ್ಗುಲಲ್ಲಿ ಮಲಗಿದೆ. ನನ್ನ ಪಾತ್ರ ಕಾಲು ಮುರಿದವಳದು. ನೋಡಲು ಬಂದವನು ಬಸ್ಸಿನ ಕಂಡಕ್ಟರ್, ಮಧ್ಯವಯಸ್ಸಿನವನು. ಕಂಬಳಿ ಹೊದಿಸಿದ. ಕೆಳಗೆ ಏನೂ ಹಾಸಲಿಲ್ಲ. ಬೆನ್ನಿನಿಂದ ಚಳಿ ಒಳಗೆ ಹತ್ತತೊಡಗಿತು, ಆದರೆ ಗಾಯಾಳು ಪಾಠ ಹೇಳಿಕೊಡುವ ಹಾಗಿಲ್ಲ.

"ಅಮ್ಮಾ, ನಾನು ನಿಮಗೆ ಸಹಾಯ ಮಾಡೋಕೆ ಬಂದಿದೀನಿ. ಎಲ್ಲಿ ನೋವು?" ಅಂದ.

ಕಾಲು ಅನ್ನಬೇಕಿತ್ತು. "ನಿಜವಾಗ್ಲೂ," ಅಂದೆ. ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಅಂದೆ. ಮೂರನೆಯ ಸಲ ಕಿರುಚಿದೆನೋ ಏನೋ, ಕ್ವಾರಿಯಲ್ಲಿ ಎಲ್ಲರೂ ನಿಂತರು. ಮೇಷ್ಟ್ರು ಆ ಮಡಚದ ಮಂಡಿ ಎಳೆದುಕೊಂಡು ಓಡಿಬಂದು ನೆಲಕ್ಕೆ ಬಿದ್ದು, "ಎಲ್ಲಮ್ಮಾ? ಎಲ್ಲಿ ತೋರ್ಸಿ," ಅಂದರು.

ತೋರಿಸಲು ಕೈ ಎತ್ತಿದೆ. ಎಲ್ಲಿಡಬೇಕು ಅಂತ ಗೊತ್ತಾಗದೆ ಹಾಗೇ ಹಿಡಿದುಕೊಂಡಿದ್ದೆ. ಮೇಷ್ಟ್ರು ಆ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತರು. ನಾನು ಅತ್ತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಯಾರೂ ಗಡಿಯಾರ ನೋಡಲಿಲ್ಲ.

ಎದ್ದು ಮೂಗು ಒರೆಸಿಕೊಂಡಾಗ ಕಂಡಕ್ಟರ್ ಅಲ್ಲೇ ನಿಂತಿದ್ದ, ತಪ್ಪು ತನ್ನದೇ ಅನ್ನುವ ಮುಖ ಮಾಡಿಕೊಂಡು. "ಹೊದಿಸೋಕೆ ಮುಂಚೆ ಕೆಳಗೆ ಹಾಸ್ಬೇಕಪ್ಪಾ. ಇನ್ನೊಂದು ಸಲ ಮಾಡು," ಅಂತ ಹೇಳಿ ಮತ್ತೆ ಮಲಗಿದೆ. ಅವನು ಫೋಮ್ ಚಾಪೆ ತಂದು, ನನ್ನನ್ನು ನಿಧಾನವಾಗಿ ಹೊರಳಿಸಿ, ಕೆಳಗೆ ಹಾಸಿ, ಆಮೇಲೆ ಕಂಬಳಿ ಹೊದಿಸಿದ. ಬೆಚ್ಚಗಾಯ್ತಾ ಅಮ್ಮಾ ಅಂತ ಕೇಳಿದ.

ಹಾಸಿದ ಮೇಲೂ ಚಳಿ ಹಾಗೇ ಇತ್ತು. ಅವನಿಗೆ ಹೇಳಲಿಲ್ಲ, ಅವನು ಎಲ್ಲಾ ಸರಿಯಾಗಿಯೇ ಮಾಡಿದ್ದ.